ಧ್ವಜದ ಬಟ್ಟೆ, ಕಾನೂನಿನ ಕಪಾಟು

ಧಾರವಾಡ ತಾಲೂಕಿನ ನಮ್ಮ ಗರಗಕ್ಕೆ ಎರಡು ಕಾರಣಗಳಿಂದ ಹೆಸರು ಬಂದಿದೆ: ಒಂದು ಮಡಿವಾಳೇಶ್ವರರ ಮಠ, ಇನ್ನೊಂದು ರಾಷ್ಟ್ರಧ್ವಜದ ಖಾದಿ ಬಟ್ಟೆ. ಮಗ್ಗದ ಸದ್ದು ಕೇಳುತ್ತ ಬೆಳೆದ ನನಗೆ, ಆ ಬಟ್ಟೆಯ ಬೆನ್ನಿಗೊಂದು ಕಾನೂನು ಇದೆಯೆಂಬುದು ಬಹುಕಾಲ ಹೊಳೆದಿರಲಿಲ್ಲ.

ಊರವರೊಬ್ಬರ ಪ್ರಶ್ನೆಗೆ ಉತ್ತರ ಹುಡುಕುತ್ತ ಒಮ್ಮೆ ಗ್ರಂಥಾಲಯವೊಂದಕ್ಕೆ ಹೋದೆ. ಕೈಗೆ ಸಿಕ್ಕಿದ್ದು 2002ರ ಧ್ವಜ ಸಂಹಿತೆಯ ಮೂಲಪಾಠ. ಅದರಲ್ಲಿ ಕೈಯಿಂದ ನೂತು, ಕೈಯಿಂದಲೇ ನೇಯ್ದ ಖಾದಿಗೆ ಮಾತ್ರ ಅವಕಾಶ. ಆದರೆ 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಬಾಗಿಲು ತೆರೆದಿತ್ತು. ಬದಲಾದದ್ದು ಒಂದೇ ಸಾಲು. ರಾಟಿ ತಿರುಗಿಸುವ ಕೈಗಳಿಗೆ ಅದು ಅನ್ನದ ಪ್ರಶ್ನೆ. ಆ ಹಳೆಯ ಪುಸ್ತಕವನ್ನೇ ನಂಬಿ ವಾದಕ್ಕೆ ನಿಂತವನ ಗತಿಯೇನು? ಕಾನೂನಿನ ಗ್ರಂಥಪಾಲನ ಹೊಣೆಯ ಭಾರ ನನಗೆ ಅಂದು ಅರಿವಾಯಿತು.

ಕಾನೂನು ನಮ್ಮಲ್ಲಿ ಎಂದೂ ಊರೊಳಗೇ ಉಳಿದ ವಸ್ತುವಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದನು. ಅದರಲ್ಲಿ ಆಸ್ತಿಯ ಹಂಚಿಕೆಯನ್ನು ಕುರಿತ ಭಾಗವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದನು. ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ಆಧರಿಸಿ ತೀರ್ಪುಗಳನ್ನಿತ್ತಿತು. ಹೀಗೆ ಕಲ್ಯಾಣದ ಮಾತು ಕಡಲು ದಾಟಿ, ಇಂಗ್ಲಿಷ್ ತೀರ್ಪಾಗಿ, ಮುಂಬಯಿ ಹೈಕೋರ್ಟಿನ ದಾರಿಯಿಂದ ಧಾರವಾಡಕ್ಕೆ ಮರಳಿತು.

1956ರ ನವೆಂಬರ್ 1ರಂದು ನಾಡು ಒಂದಾಯಿತು. ಕಾಯಿದೆಗಳು ಅಂದೇ ಒಂದಾಗಲಿಲ್ಲ. ರಾಜ್ಯ ಪುನರ್ವಿಂಗಡಣಾ ಕಾಯಿದೆಯ 119ನೆಯ ಕಲಮು, ಬದಲಾಯಿಸುವವರೆಗೆ, ಹಳೆಯ ಕಾಯಿದೆಗಳನ್ನು ಆಯಾ ಪ್ರದೇಶದಲ್ಲಿ ಉಳಿಸಿತು. ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು – ಈ ಐದು ಕಡೆಯ ಸಂಪುಟಗಳೂ ಕನ್ನಡಿಗರ ಕಪಾಟಿಗೆ ಬೇಕಾದವು.

ಈಗ ಆ ಕಪಾಟು ಇನ್ನೂ ಹಿಗ್ಗಿದೆ. ಧ್ವಜ ಹಾರಿಸುವುದು ನಾಗರಿಕನ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದೆಂದು ನಮ್ಮ ಸುಪ್ರೀಂ ಕೋರ್ಟು 2004ರಲ್ಲಿ, ನವೀನ್ ಜಿಂದಾಲ್ ಪ್ರಕರಣದಲ್ಲಿ ಹೇಳಿತು. ಅದನ್ನು ಓದುವ ವಿದ್ಯಾರ್ಥಿ ಅಮೆರಿಕದ 1989ರ ಟೆಕ್ಸಾಸ್ ವಿರುದ್ಧ ಜಾನ್ಸನ್ ತೀರ್ಪನ್ನೂ ಕೇಳುತ್ತಾನೆ. ಪ್ರತಿಭಟನೆಗಾಗಿ ಧ್ವಜ ಸುಡುವುದಕ್ಕೂ ಅಲ್ಲಿ ಸಂವಿಧಾನದ ರಕ್ಷಣೆ ದೊರೆಯಿತು. ನಮ್ಮಲ್ಲಾದರೋ 1971ರ ರಾಷ್ಟ್ರಗೌರವ ಕಾಯಿದೆಯಂತೆ ಸಾರ್ವಜನಿಕವಾಗಿ ಧ್ವಜ ಸುಡುವುದು ಅಪರಾಧ. ಪರದೇಶದ ತೀರ್ಪು ಇಂದು ಕ್ಷಣಮಾತ್ರದಲ್ಲಿ ಪರದೆಯ ಮೇಲೆ ಮೂಡುತ್ತದೆ. ಆದರೆ ಅದು ನಮ್ಮನ್ನು ಕಟ್ಟುವುದೋ, ಬರಿಯ ಬೆಳಕು ತೋರುವುದೋ ಎಂಬುದನ್ನು ಪರದೆ ತಾನಾಗಿ ಹೇಳದು. ಅದರ ಪಕ್ಕದಲ್ಲಿ ನಮ್ಮ ಕಾಯಿದೆಯನ್ನೂ ಇರಿಸಿ ಕೊಡುವ ಕೈ ಬೇಕು.

ಧಾರವಾಡದಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು. 2013ರಲ್ಲಿ ಅದು ಕಾಯಂ ಆಯಿತು. ನ್ಯಾಯ ನಮ್ಮೂರಿಗೆ ಹತ್ತಿರವಾಯಿತು. ಗರಗದ ನೇಕಾರರೊಬ್ಬರು ಬಂದು ಕೇಳಿದರೆ, ಇಂದು ಜಾರಿಯಲ್ಲಿರುವ ಆ ಒಂದು ಸಾಲನ್ನು ತೆಗೆದು ತೋರಿಸಿ, ಕನ್ನಡದಲ್ಲಿ ತಿಳಿಹೇಳುವ ಗ್ರಂಥಪಾಲರೂ ಅಷ್ಟೇ ಹತ್ತಿರದಲ್ಲಿರಬೇಕು ಎಂಬುದು ನನ್ನ ಆಸೆ.