ಕೆಟ್ಟು ನಿಂತ ಫೋರ್ ವೀಲ್ ಡ್ರೈವ್ ಜೀಪು: ಸುರಕ್ಷಿತ ಸಾಗಣೆ ಮತ್ತು ಗುರುತಿನ ಸಂಖ್ಯೆಗಳು

ತೋಟದ ಇಳಿಜಾರಿನಲ್ಲಿ ಜೀಪು ಕೆಟ್ಟು ನಿಂತಾಗ ಆತುರದಿಂದ ಎಳೆಯಬೇಡಿ. ಮೊದಲು ಚಕ್ರಗಳಿಗೆ ಕಲ್ಲು ಕೊಟ್ಟು, ವಾಹನದ ಕೈಪಿಡಿಯಲ್ಲಿರುವ ಸೂಚನೆಗಳನ್ನು ಓದಿರಿ.

ಸಾಗಿಸುವ ವಿಧಾನ: ನಾಲ್ಕು ಚಕ್ರಗಳನ್ನೂ ಲಾರಿಯ ಮೇಲೇರಿಸಿ ಸಾಗಿಸುವುದು ಅತ್ಯಂತ ಸುರಕ್ಷಿತ. ಫೋರ್ ವೀಲ್ ತೊಡಗಿರುವಾಗ ಮುಂದಿನ ಹಾಗೂ ಹಿಂದಿನ ಚಕ್ರಗಳು ಒಂದಕ್ಕೊಂದು ಜೋಡಣೆಗೊಂಡಿರುತ್ತವೆ. ಎರಡನ್ನು ಮಾತ್ರ ಎತ್ತಿ ಎಳೆದರೆ ಗೇರ್ ಪೆಟ್ಟಿಗೆಗೆ ಹಾನಿಯಾಗುತ್ತದೆ. ರಸ್ತೆಯವರೆಗೆ ಎಳೆಯಲೇಬೇಕಾದಲ್ಲಿ, ಕೈಪಿಡಿಯ ಅನುಮತಿಯಿದ್ದರೆ ಮಾತ್ರ, ಫೋರ್ ವೀಲ್ ಬಿಡಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಸ್ಟಿಯರಿಂಗ್ ಲಾಕ್ ತೆಗೆದು ನಿಧಾನವಾಗಿ ಎಳೆಯಿರಿ. ಎಂಜಿನ್ ನಿಂತಿರುವಾಗ ಬ್ರೇಕ್ ಮತ್ತು ಸ್ಟಿಯರಿಂಗ್ ಗಡುಸಾಗುವುದರಿಂದ ಇಳಿಜಾರಿನಲ್ಲಿ ಹಗ್ಗಕ್ಕೆ ಬದಲಾಗಿ ಗಟ್ಟಿಯಾದ ಕಬ್ಬಿಣದ ಟೋ ಬಾರ್ ಬಳಸುವುದು ಸೂಕ್ತ. ಬಿಗಿದ ಹಗ್ಗ ತುಂಡಾಗಿ ಬಡಿದರೆ ಪ್ರಾಣಾಪಾಯ ಸಂಭವಿಸಬಹುದು. ಅದರ ಸಮೀಪ ಯಾರೂ ನಿಲ್ಲಬಾರದು.

ಗುರುತಿನ ಸಂಖ್ಯೆಗಳು: ಚಾಸಿ ಸಂಖ್ಯೆಯನ್ನು ಚಾಸಿಯ ಮೇಲೆ, ಎಂಜಿನ್ ಸಂಖ್ಯೆಯನ್ನು ಎಂಜಿನ್ ಬ್ಲಾಕಿನ ಮೇಲೆ ಅಚ್ಚೊತ್ತಲಾಗಿರುತ್ತದೆ. ಈಚಿನ ವಾಹನಗಳ ಚಾಸಿ ಸಂಖ್ಯೆಯಲ್ಲಿ ಅಕ್ಷರ ಮತ್ತು ಅಂಕಿ ಸೇರಿ 17 ಸ್ಥಾನಗಳಿದ್ದು, ಒಂದು ಹಾಗೂ ಸೊನ್ನೆಯೊಡನೆ ಗೊಂದಲವಾಗದಂತೆ ಐ, ಓ, ಕ್ಯೂ ಅಕ್ಷರಗಳನ್ನು ಕೈಬಿಡಲಾಗಿದೆ. ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ ಓದಿರಿ. ಉಪ್ಪುಕಾಗದದಿಂದ ಉಜ್ಜಿದರೆ ಅಚ್ಚು ಅಳಿಯುತ್ತದೆ. ಬಿಡಿಭಾಗ ಕೊಳ್ಳುವ ಮುನ್ನ ಹಾಗೂ ವಿಮಾ ಪರಿಹಾರ ಕೋರುವ ಮುನ್ನ ಈ ಸಂಖ್ಯೆಗಳನ್ನು ನೋಂದಣಿ ಪತ್ರದೊಂದಿಗೆ ತಪ್ಪದೆ ತಾಳೆ ನೋಡಿರಿ.