ಬೀದರ್ ಸೀಮೆಯ ಮಿಕ್ಸರು

ಬಗದಲ್, ಬೀದರ್, ಭಾಲ್ಕಿ, ಔರಾದ್ ಸುತ್ತಮುತ್ತ ಮೈಕ್ ಸೆಟ್ ಬಾಡಿಗೆಗೆ ಕೊಡುವವನ ಕಿವಿಗೆ ವರ್ಷವಿಡೀ ಬಿಡುವಿಲ್ಲ. ಉರುಸಿಗೆ ಕವ್ವಾಲಿ, ಶ್ರಾವಣಕ್ಕೆ ಪುರಾಣ ಪ್ರವಚನ, ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆ, ಔರಾದಿನ ಅಮರೇಶ್ವರ ಜಾತ್ರೆ, ಮಠದಲ್ಲಿ ವಚನ ಗಾಯನ, ಗಡಿಯಂಚಿನ ಊರುಗಳಲ್ಲಿ ಮರಾಠಿ ಅಭಂಗ, ಮೊಹರಮ್ಮಿಗೆ ರಿವಾಯತ್ ಪದ. ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲವೂ ಒಂದೇ ಭೋಂಗಾದಿಂದ, ಅಂದರೆ ಕಹಳೆಯಾಕಾರದ ಧ್ವನಿವರ್ಧಕದಿಂದ, ಹೊರಬರಬೇಕು. ಇಷ್ಟು ಬಗೆಯ ಹಾಡನ್ನು ಮಿಕ್ಸರ್ ಎಂಬ ಒಂದೇ ಪೆಟ್ಟಿಗೆಯಲ್ಲಿ ಹದಗೊಳಿಸುವ ಕಸುಬಿನ ಇತಿಹಾಸ ಬರೆಯಲು ಹೊರಟರೆ ಒಂದು ಪ್ರಶ್ನೆ ಎದುರಾಗುತ್ತದೆ: ಯಾರ ದನಿ ಎಷ್ಟು ಕೇಳಬೇಕೆಂದು ತೀರ್ಮಾನಿಸುವವರು ಯಾರು?

ಕರೆಂಟ್ ಬರುವ ಮೊದಲು ಅದನ್ನು ಹಾಡುವವರೇ ತೀರ್ಮಾನಿಸುತ್ತಿದ್ದರು. ಕಂಪನಿ ನಾಟಕದ ನಟರು ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ ಏರುಶ್ರುತಿಯಲ್ಲಿ ಹಾಡುತ್ತಿದ್ದರು, ಕಾಲು ಹಾರ್ಮೋನಿಯಂ ಅವರ ಬೆನ್ನಿಗೆ ನಿಲ್ಲುತ್ತಿತ್ತು. ಹುಮನಾಬಾದ್ ಬಳಿಯ ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳ (1817–1865) ಸಂಸ್ಥಾನ ದತ್ತ ಜಯಂತಿಗೆ ಸಂಗೀತದ ದರ್ಬಾರು ನಡೆಸಿಕೊಂಡು ಬಂದಿದೆ. ಅಂಥ ದರ್ಬಾರಿನಲ್ಲಿ ತಬಲಾದ ಪೆಟ್ಟು ಗಾಯಕನ ಮೇಲೇರದಂತೆ ತಗ್ಗಿಸಿ ನುಡಿಸುವುದು ವಿದ್ಯೆಯ ಭಾಗವೇ ಆಗಿತ್ತು. ಧ್ವನಿಮುದ್ರಣವೂ ಹೀಗೇ ಶುರುವಾಯಿತು. 1902ರಲ್ಲಿ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ ಮೈಕೂ ಇರಲಿಲ್ಲ, ಗುಂಡಿಯೂ ಇರಲಿಲ್ಲ. ಒಂದು ದೊಡ್ಡ ಕಹಳೆಯ ಮುಂದೆ ಯಾರು ಹತ್ತಿರ, ಯಾರು ದೂರ ಕೂರಬೇಕೆಂಬುದರಲ್ಲೇ ಮಿಶ್ರಣದ ಲೆಕ್ಕವೆಲ್ಲ ಮುಗಿಯುತ್ತಿತ್ತು.

ಭಾರತದ ದೊಡ್ಡ ಸಭೆಗಳಿಗೆ ಧ್ವನಿವರ್ಧಕ ತಂದವರಲ್ಲಿ ಮೋಟ್ವಾನೆ ಮನೆತನದ ಶಿಕಾಗೊ ರೇಡಿಯೊ ಮುಂಚೂಣಿಯಲ್ಲಿತ್ತು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದಲ್ಲಿ ಅವರ ಯಂತ್ರಗಳೇ ಇದ್ದವು. ಬೀದರ್ ಆಗ ನಿಜಾಮರ ಆಡಳಿತದಲ್ಲಿತ್ತು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ‘ಆಕಾಶವಾಣಿ’ ಬಾನುಲಿ ಶುರುಮಾಡಿದ ಹೊತ್ತಿಗೇ ಹೈದರಾಬಾದಿನ ಡೆಕ್ಕನ್ ರೇಡಿಯೊ ನಿಜಾಮ್ ಸರ್ಕಾರದ ಕೈಗೆ ಬಂತು. ಬೀದರಿನವರ ಬಾನುಲಿ ಬಹುಕಾಲ ಹೈದರಾಬಾದಿನದೇ. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೊಗೆ ಸೇರಿತು, 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಬಂತು, ಕಲಬುರಗಿಯಲ್ಲಿ ನಿಲಯ ಶುರುವಾಗಲು 1966 ಬರಬೇಕಾಯಿತು.

ಹಳ್ಳಿಗೆ ಬಂದದ್ದು ಬೇರೆ ಬಗೆಯ ಯಂತ್ರ. 1940ರಲ್ಲಿ ಸ್ಥಾಪನೆಯಾದ ದೆಹಲಿಯ ಅಹುಜಾ ಕಂಪನಿ ಮುಂದೆ ಮಾರಿದ ಮಿಕ್ಸರ್–ಆಂಪ್ಲಿಫೈಯರ್‌ನಂಥದ್ದು: ಒಂದೇ ಪೆಟ್ಟಿಗೆಯಲ್ಲಿ ಮೂರ್ನಾಲ್ಕು ಮೈಕಿನ ಗುಂಡಿ, ಬೇಸು, ಟ್ರೆಬಲ್ಲು, ಹಿಂದೆ ಭೋಂಗಾಗಳಿಗೆ ಹೋಗುವ ತಂತಿ. ಭೋಂಗಾಗಳು ಗುಡಿಯಿಂದ ಅಗಸಿಬಾಗಿಲವರೆಗೆ ಹಬ್ಬುತ್ತಿದ್ದುದರಿಂದ 100 ವೋಲ್ಟ್ ಲೈನ್ ಬೇಕಿತ್ತು. ವೋಲ್ಟೇಜು ಏರಿಸಿದರೆ ಅದೇ ಶಕ್ತಿಯನ್ನು ಕಡಿಮೆ ಕರೆಂಟಿನಲ್ಲಿ ಸಾಗಿಸಬಹುದು, ಸಪೂರ ತಂತಿಯಲ್ಲೂ ನಷ್ಟ ಕಡಿಮೆ. ಪ್ರತಿ ಭೋಂಗಾದ ಬಳಿಯ ಪುಟ್ಟ ಟ್ರಾನ್ಸ್‌ಫಾರ್ಮರು ಅದನ್ನು ಮತ್ತೆ ಇಳಿಸುತ್ತಿತ್ತು. ಭೋಂಗಾದಲ್ಲಿ ಮಾತು ಕಿಲೋಮೀಟರುಗಟ್ಟಲೆ ಕೇಳುತ್ತದೆ. ಆದರೆ ಡೋಲಕ್ಕಿನ ಎಡಗೈಯ ಗುಂಗು ಅಲ್ಲಿ ಸತ್ತೇ ಹೋಗುತ್ತದೆ. ಒಂದು ಇಡೀ ತಲೆಮಾರು ಡೋಲಕ್ಕನ್ನು ಬರಿಯ ಟಕಟಕವಾಗಿಯೇ ಕೇಳಿ ಬೆಳೆಯಿತು.

ಆ ಪೆಟ್ಟಿಗೆಯ ಮೇಲಿನ ನಾಲ್ಕು ಗುಂಡಿಗಳೇ ಈ ಸೀಮೆಯ ಮೊದಲ ಮಿಕ್ಸರು. ಒಂದೇ ಮೈಕ್ ಇದ್ದಾಗ ಭಜನೆಯವರು ಅದರ ಸುತ್ತ ಕೂತು, ಸೊಲ್ಲು ಎತ್ತುವವನು ಮುಂದೆ ಬಗ್ಗಿ, ಹಿಮ್ಮೇಳ ಹಿಂದೆ ಸರಿದು ತಮ್ಮ ತೂಕ ತಾವೇ ನೋಡಿಕೊಳ್ಳುತ್ತಿದ್ದರು. ಮೈಕು ನಾಲ್ಕಾದ ದಿನ ಆ ಕೆಲಸ ಆಪರೇಟರನ ಬೆರಳಿಗೆ ಹೋಯಿತು. ಹಾರ್ಮೋನಿಯಂನವನಿಗೆ ತನ್ನದು ಕೇಳುತ್ತಿಲ್ಲ ಎನ್ನಿಸಿದರೆ ಇನ್ನಷ್ಟು ಜೋರಾಗಿ ನುಡಿಸುವ ದಾರಿ ಉಳಿಯಲಿಲ್ಲ, ಮೈಕಿನವನತ್ತ ಕೈಸನ್ನೆ ಮಾಡಬೇಕಾಯಿತು. ವೇದಿಕೆ ಮತ್ತು ಯಂತ್ರದ ನಡುವಿನ ಈ ಕೈಸನ್ನೆಯ ಭಾಷೆ ಇಂದಿಗೂ ಹಾಗೇ ಇದೆ.

ಅತ್ತ ಸ್ಟುಡಿಯೊಗಳಲ್ಲಿ ಮಿಕ್ಸರ್ ದೊಡ್ಡ ಮೇಜೇ ಆಯಿತು. ಇಂಗ್ಲೆಂಡಿನ ಎಂಜಿನಿಯರ್ ರೂಪರ್ಟ್ ನೀವ್ 1964ರಲ್ಲಿ ಲಂಡನ್ನಿನ ಫಿಲಿಪ್ಸ್ ಸ್ಟುಡಿಯೊಗೆ ವಾಲ್ವ್ ಬಿಟ್ಟು ಟ್ರಾನ್ಸಿಸ್ಟರಿನ ಮೇಜು ಕಟ್ಟಿಕೊಟ್ಟರು. 1973ರಲ್ಲಿ ಶುರುವಾದ ಸೌಂಡ್‌ಕ್ರಾಫ್ಟ್ ಊರೂರು ತಿರುಗುವ ಸಂಗೀತ ತಂಡಗಳಿಗಾಗಿ ಸಾಗಾಟದ ಪೆಟ್ಟಿಗೆಯಲ್ಲೇ ಮಿಕ್ಸರ್ ಕೂರಿಸಿತು. ಕನ್ನಡ ಸಿನಿಮಾದ ಹಾಡುಗಳಿಗೆ ಬಹುಕಾಲ ಮದ್ರಾಸೇ ಗತಿಯಾಗಿತ್ತು. ಬೆಂಗಳೂರಿನಲ್ಲಿ ಶಂಕರ್ ನಾಗ್ ಕಟ್ಟಿದ ‘ಸಂಕೇತ್’ ಸ್ಟುಡಿಯೊ ಆ ಅವಲಂಬನೆಯನ್ನು ಸಡಿಲಿಸಿತು.

ಹಳ್ಳಿಯ ಮಟ್ಟಿಗೆ ಬದಲಾವಣೆ ತಂದದ್ದು ಕ್ಯಾಸೆಟ್ಟು. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟು ಕನ್ನಡ ಭಾವಗೀತೆಯನ್ನು ಮನೆಮನೆಗೆ ಒಯ್ದಿತು. ಆದರೆ ಜನಪದ ಗಾಯಕರಿಗೆ, ಪ್ರವಚನಕಾರರಿಗೆ ಸ್ಟುಡಿಯೊ ಎಲ್ಲಿತ್ತು? ಆಂಪ್ಲಿಫೈಯರಿನ ಹಿಂದಿನ ‘ಲೈನ್ ಔಟ್’ ತೂತಿಗೆ ಟೇಪ್ ರೆಕಾರ್ಡರು ಸಿಕ್ಕಿಸಿದರೆ ಅದೇ ಅವರ ಸ್ಟುಡಿಯೊ. ಅಲ್ಲೊಂದು ತೊಡಕಿತ್ತು. ಮೈದಾನದಲ್ಲಿ ತಾಳ ತನ್ನ ಬಲದಿಂದಲೇ ಕೇಳುವುದರಿಂದ ಅದಕ್ಕೆ ಮೈಕು ಇಡುತ್ತಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಆ ತಾಳವೇ ಮಾಯ. ಕೇಳುಗರಿಗೆ ಬೇಕಾದ ಹದವೂ ಟೇಪಿಗೆ ಬೇಕಾದ ಹದವೂ ಬೇರೆಬೇರೆ ಎಂಬ ಪಾಠ ಇಲ್ಲಿ ಸಿಕ್ಕಿತು. ಇಂದಿಗೂ ಹೊಸ ಮಿಕ್ಸರ್ ಕೊಳ್ಳುವವರು ಮೊದಲು ಕೇಳಬೇಕಾದದ್ದು ಇದನ್ನೇ: ಹೊರಗಿನ ಸ್ಪೀಕರಿಗೆ ಹೋಗುವ ದಾರಿಯಲ್ಲದೆ ಬೇರೆ ಎಷ್ಟು ದಾರಿಗಳಿವೆ? ಗಾಯಕನ ಮುಂದಿನ ಮಾನಿಟರಿಗೆ ಒಂದು, ತಬಲಾದವನಿಗೆ ಒಂದು, ರೆಕಾರ್ಡಿಂಗಿಗೆ ಎರಡು. ಹೀಗೆ ಎಣಿಸಿದರೆ ಈ ಬೇರೆ ದಾರಿಗಳ, ಅಂದರೆ ‘ಆಕ್ಸ್’ಗಳ, ಸಂಖ್ಯೆ ಚಾನಲ್ ಸಂಖ್ಯೆಯಷ್ಟೇ ಮುಖ್ಯ. ಹದಿನಾರು ಚಾನಲ್ಲಿದ್ದು ಒಂದೇ ಆಕ್ಸ್ ಇರುವ ಮಿಕ್ಸರಿಗಿಂತ ಹನ್ನೆರಡು ಚಾನಲ್ಲಿನ, ನಾಲ್ಕು ಆಕ್ಸಿನ ಮಿಕ್ಸರು ಕವ್ವಾಲಿಗೆ ಹೆಚ್ಚು ಉಪಯೋಗಿ.

ಕೊಳ್ಳಲು ಹೋಗುವುದು ಎಲ್ಲಿಗೆ? ಗಡಿ ಬದಲಾಗಿ ದಶಕಗಳೇ ಕಳೆದರೂ ಬೀದರಿನವರಿಗೆ ಹೈದರಾಬಾದೇ ಹತ್ತಿರ, ಸುಮಾರು 140 ಕಿ.ಮೀ. ಬೆಂಗಳೂರು ಇರುವುದು ಸುಮಾರು 700 ಕಿ.ಮೀ. ದೂರ. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಮಿಕ್ಸರೂ ಸಿಗುತ್ತದೆ, ಬಿಡಿಭಾಗವೂ ಸಿಗುತ್ತದೆ. ದುರಸ್ತಿಯ ಈ ದೂರವನ್ನು ಬೆಲೆಯ ಲೆಕ್ಕಕ್ಕೆ ಸೇರಿಸಿಕೊಳ್ಳಲೇಬೇಕು. ಬೀದರಿನ ಜಂಬಿಟ್ಟಿಗೆ ನೆಲದ ಕೆಂಪು ಧೂಳು ಫೇಡರಿನ (ಜಾರುಗುಂಡಿಯ) ಸಂದಿಗೆ ಇಳಿದು ಕರಕರ ಎನ್ನಿಸುತ್ತದೆ. ಅನಲಾಗ್ ಮಿಕ್ಸರಿನಲ್ಲಿ ಒಂದು ಚಾನಲ್ ಕೆಟ್ಟರೆ ಪಕ್ಕದ್ದಕ್ಕೆ ಮೈಕು ಬದಲಿಸಿ ರಾತ್ರಿ ಕಳೆಯಬಹುದು. ಡಿಜಿಟಲ್ಲಿನಲ್ಲಿ ಒಂದು ಬೋರ್ಡು ಹೋದರೆ ಕಾರ್ಯಕ್ರಮವೇ ನಿಂತೀತು. ಕರೆಂಟಿನಿಂದ ಜನರೇಟರಿಗೆ ಬದಲಾಗುವ ಒಂದು ಕ್ಷಣವೂ ಅದಕ್ಕೆ ತೊಂದರೆಯೇ, ಮತ್ತೆ ಚಾಲೂ ಆಗಲು ಹೊತ್ತು ಬೇಕು. ಆದ್ದರಿಂದ ಯುಪಿಎಸ್ ಬೆಲೆಯನ್ನು ಮಿಕ್ಸರಿನ ಬೆಲೆಯಲ್ಲೇ ಎಣಿಸುವುದು ಜಾಣತನ.

ಆದರೂ ಡಿಜಿಟಲ್ಲಿಗೆ ಹೋಗಲು ಬಲವಾದ ಕಾರಣವಿದೆ. 1994ರಲ್ಲಿ ಯಮಾಹಾ ‘ಪ್ರೊಮಿಕ್ಸ್ 01’ ತಂದಿತು. 2012ರಲ್ಲಿ ಬಂದ ಬೆಹ್ರಿಂಗರ್ ‘ಎಕ್ಸ್32’ 32 ಮೈಕಿನ ದಾರಿ, 16 ಬಸ್ಸುಗಳನ್ನು (ಹೊರಹೋಗುವ ದಾರಿಗಳನ್ನು) ಸಣ್ಣ ಬಾಡಿಗೆ ಅಂಗಡಿಗೂ ಎಟುಕುವಂತೆ ಮಾಡಿತು. ಜಾತ್ರೆಯಲ್ಲಿ ಸಂಜೆ ಪ್ರವಚನ, ಆಮೇಲೆ ಭಜನೆ, ಆಮೇಲೆ ನಾಟಕ. ಮೂರರ ಹದವನ್ನೂ ‘ಸೀನ್’ ಆಗಿ ಉಳಿಸಿಟ್ಟರೆ ಗುಂಡಿ ಒತ್ತಿದ ಕೂಡಲೇ ಫೇಡರುಗಳು ತಾವಾಗಿ ಸರಿದು ಕೂರುತ್ತವೆ.

ಕಾನೂನೂ ಮಿಕ್ಸರಿನ ಆಯ್ಕೆಯನ್ನು ಬದಲಿಸಿತು. 2000ದ ಶಬ್ದಮಾಲಿನ್ಯ ನಿಯಮ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಲ್ಲಿಸಿತು. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯಕ್ಕಿದೆ. ವಸತಿ ಪ್ರದೇಶದ ಮಿತಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ಊರಿಗೆಲ್ಲ ಕೇಳಿಸುವ ಭೋಂಗಾಕ್ಕಿಂತ ಕೂತವರಿಗೆ ಮಾತ್ರ ಸ್ಪಷ್ಟವಾಗಿ ಕೇಳಿಸುವ ಸ್ಪೀಕರು, ಸೀಟಿ ಹೊಡೆಯುವ ಕಂಪನಾಂಕವನ್ನಷ್ಟೇ ಕತ್ತರಿಸುವ ಈಕ್ವಲೈಸರು ಬೇಕಾಗಿರುವುದು ಇದಕ್ಕೇ.

ಹೊಸ ಮಿಕ್ಸರಿನಿಂದ ಈ ಸೀಮೆಗೆ ಆಗಬಹುದಾದ ಅತಿ ದೊಡ್ಡ ಉಪಕಾರ ಮಾತ್ರ ಇನ್ನೊಂದು. ಎಕ್ಸ್32ನಂಥದಕ್ಕೆ ಯುಎಸ್‌ಬಿ ತಂತಿ ಹಾಕಿದರೆ 32 ಚಾನಲ್ಲುಗಳನ್ನೂ ಬೇರೆಬೇರೆಯಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಕ್ಯಾಸೆಟ್ಟಿನಲ್ಲಿ ಮಾಯವಾಗಿದ್ದ ತಾಳಕ್ಕೂ ಒಂದು ಮೈಕ್ ಇಟ್ಟು, ಅದನ್ನು ಸ್ಪೀಕರಿಗೆ ಬಿಡದೆ ರೆಕಾರ್ಡಿಂಗಿಗೆ ಮಾತ್ರ ಕಳಿಸಬಹುದು. ರಿವಾಯತ್ ಪದ ಬಲ್ಲ, ಹಂತಿಯ ಹಾಡು ಬಲ್ಲ ಹಿರಿಯರು ವೇದಿಕೆ ಹತ್ತಿದ ರಾತ್ರಿ ಆಪರೇಟರ್ ಆ ಒಂದು ತಂತಿಯನ್ನು ಸಿಕ್ಕಿಸಬೇಕು, ಕಡತದ ಹೆಸರಿನಲ್ಲಿ ಹಾಡಿದವರ ಹೆಸರು, ಊರು, ತಾರೀಕು ಬರೆದಿಡಬೇಕು.