ವಿಮಾನ, ವಾದ ಮತ್ತು ವೇದಿಕೆ

ಮುಂಬಯಿ ಕನ್ನಡಿಗರಿಗೆ ಕಲೀನಾ ಎಂದೊಡನೆ ನೆನಪಾಗುವುದು ವಿಶ್ವವಿದ್ಯಾಲಯದ ಕನ್ನಡ ವಿಭಾಗ. ಮಲಾಡಿನಿಂದ ಲೋಕಲ್ ಹಿಡಿದು ಸಾಂತಾಕ್ರೂಜ್‌ನಲ್ಲಿಳಿದು ಅಲ್ಲಿಗೆ ಹೋಗಿಬರುವ ಸಾಹಿತ್ಯಾಸಕ್ತರು ನಮ್ಮಲ್ಲಿ ಅನೇಕರಿದ್ದಾರೆ. ಅದೇ ಆವರಣದಲ್ಲಿ 2015ರ ಜನವರಿ 3ರಿಂದ 7ರವರೆಗೆ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 102ನೇ ಅಧಿವೇಶನ ನಡೆಯಿತು. ಸಂಸ್ಕೃತದ ಮೂಲಕ ಪ್ರಾಚೀನ ವಿಜ್ಞಾನವನ್ನು ಕುರಿತ ಗೋಷ್ಠಿಯಲ್ಲಿ ನಿವೃತ್ತ ವಿಮಾನಚಾಲಕ ಕ್ಯಾಪ್ಟನ್ ಆನಂದ ಬೋಡಸ್ ಅವರು, ಸಹಸ್ರಾರು ವರ್ಷಗಳ ಹಿಂದೆಯೇ ಭಾರತದಲ್ಲಿ ವಿಮಾನಗಳಿದ್ದವು, ಅವು ಹಿಂದಕ್ಕೂ ಪಕ್ಕಕ್ಕೂ ಚಲಿಸುತ್ತಿದ್ದವು, ಗ್ರಹದಿಂದ ಗ್ರಹಕ್ಕೆ ಹೋಗುತ್ತಿದ್ದವು ಎಂದು ಪ್ರತಿಪಾದಿಸಿದರು. ಅಮೆರಿಕದ ನಾಸಾದಲ್ಲಿದ್ದ ವಿಜ್ಞಾನಿ ರಾಮಪ್ರಸಾದ್ ಗಾಂಧಿರಾಮನ್ ಆ ಉಪನ್ಯಾಸವನ್ನು ರದ್ದುಪಡಿಸಬೇಕೆಂದು ಮೊದಲೇ ಮನವಿ ಹೊರಡಿಸಿದ್ದರು. ಇನ್ನೂರಕ್ಕೂ ಹೆಚ್ಚು ಮಂದಿ ಸಹಿ ಹಾಕಿದ್ದರು. ಉಪನ್ಯಾಸ ನಡೆದೇ ಹೋಯಿತು.

ರದ್ದು ಮಾಡಬೇಕಿತ್ತೇ, ಅಥವಾ ವಿಜ್ಞಾನಿಗಳು ಅದೇ ವೇದಿಕೆ ಏರಿ ಎದುರು ವಾದಿಸಬೇಕಿತ್ತೇ? ಉತ್ತರಕ್ಕೆ ಮುನ್ನ ಆ ವಿಮಾನಗಳ ಮೂಲವನ್ನು ನೋಡಬೇಕು. ಅದು ಇರುವುದು ನಮ್ಮ ಕನ್ನಡನಾಡಿನಲ್ಲಿ.

ಬೋಡಸ್ ಅವರು ಆಧರಿಸಿದ 'ವೈಮಾನಿಕ ಶಾಸ್ತ್ರ' ಭರದ್ವಾಜ ಮಹರ್ಷಿಗಳದೆಂದು ಪ್ರಚಲಿತವಾದ ಗ್ರಂಥ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಅದನ್ನು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಬಾಯಿಂದ ಹೇಳಿ ಬರೆಸಿದರು. ಎಲ್ಲಪ್ಪ ಎಂಬ ನಕ್ಷೆಗಾರರು ಚಿತ್ರಗಳನ್ನು ಬರೆದರು. ಮೈಸೂರಿನ ಜಿ. ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು.

ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್. ಪಿ. ಗೋವಿಂದರಾಜು, ಅದರ ವಿಮರ್ಶಾತ್ಮಕ ಅಧ್ಯಯನವನ್ನು ಪ್ರಕಟಿಸಿದರು. ಅವರು ಗ್ರಂಥವನ್ನು ಹಳಿಯಲಿಲ್ಲ, ನಗಲಿಲ್ಲ, ಓದಿದರು. ಅದರ ಭಾಷೆ ವೈದಿಕವಲ್ಲ, ಸರಳವಾದ ಆಧುನಿಕ ಸಂಸ್ಕೃತ ಎಂಬುದನ್ನು ಗುರುತಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವರ್ಣನೆ ಮತ್ತು ಚಿತ್ರಗಳನ್ನು ಹಾರಾಟದ ನಿಯಮಗಳಿಗೆ ಹಚ್ಚಿ ನೋಡಿದರು. ಯಾವುದೂ ಹಾರಲಾರದು, ಗ್ರಂಥವು 1900ರಿಂದ 1922ರ ನಡುವೆ ರಚಿತವಾದದ್ದು ಎಂಬುದು ಅವರ ತೀರ್ಮಾನ. ಇದನ್ನು ಪರಂಪರೆಯ ವಿರೋಧಿಗಳ ಕೆಲಸವೆಂದು ತಳ್ಳಿಹಾಕುವಂತೆಯೂ ಇಲ್ಲ. ಐವರಲ್ಲೊಬ್ಬರಾದ ನಾಗೇಂದ್ರ ಅವರು ಮುಂದೆ ಯೋಗಕ್ಕೇ ಬದುಕನ್ನು ಮುಡಿಪಾಗಿಟ್ಟು, ಆನೇಕಲ್ ತಾಲ್ಲೂಕಿನ ಜಿಗಣಿಯ ಬಳಿ ಯೋಗ ವಿಶ್ವವಿದ್ಯಾಲಯವನ್ನು ಕಟ್ಟಿದರು.

ವಾದದ ಬಗೆಗಳನ್ನು ನಮ್ಮ ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ನ್ಯಾಯಸೂತ್ರವು ಮೂರನ್ನು ಹೇಳುತ್ತದೆ: ತತ್ತ್ವವನ್ನು ತಿಳಿಯಲು ಪ್ರಮಾಣ, ತರ್ಕಗಳಿಂದ ನಡೆಸುವುದು ವಾದ, ಗೆಲುವಿಗಾಗಿ ಛಲೋಕ್ತಿಗಳಿಗೂ ಹೇಸದೆ ನಡೆಸುವುದು ಜಲ್ಪ, ತನ್ನದೆಂಬ ಪಕ್ಷವನ್ನೇ ಇಟ್ಟುಕೊಳ್ಳದೆ ಎದುರಾಳಿಯನ್ನು ಕೆಡಹುವುದು ವಿತಂಡ. ಚರಕಸಂಹಿತೆಯ ವಿಮಾನಸ್ಥಾನವು ಸೌಹಾರ್ದದ ಸಂಭಾಷೆ ಬೇರೆ, ಕಲಹದ ಸಂಭಾಷೆ ಬೇರೆ ಎನ್ನುತ್ತದೆ. ಎರಡನೆಯದಕ್ಕೆ ಇಳಿಯುವ ಮುನ್ನ ಎದುರಾಳಿಯನ್ನೂ ಸಭೆಯನ್ನೂ ಪರೀಕ್ಷಿಸಿಕೋ ಎಂದು ವೈದ್ಯನನ್ನು ಎಚ್ಚರಿಸುತ್ತದೆ. ಅಲ್ಲಿ 'ವಿಮಾನ' ಎಂದರೆ ಹಾರುವ ಯಂತ್ರವಲ್ಲ, ಅಳತೆ. ಬೆಂಗಳೂರಿನ ಐವರು ಮಾಡಿದ್ದು ಆ ಅರ್ಥದ ಕೆಲಸವನ್ನೇ.

ವೇದಿಕೆಯ ಜಗಳದಲ್ಲಿ ಅಳತೆಗೆ ಎಡೆಯಿಲ್ಲ. ಅಮೆರಿಕದ ಸೃಷ್ಟಿವಾದಿ ಡ್ವೇನ್ ಗಿಶ್ ಜೀವರಸಾಯನಶಾಸ್ತ್ರ ಓದಿದವರು. ಸಂವಾದಗಳಲ್ಲಿ ಅವರು ಒಂದರ ಮೇಲೊಂದರಂತೆ ಆಕ್ಷೇಪಗಳನ್ನು ಸುರಿಯುತ್ತಿದ್ದರು; ಒಂದೊಂದಕ್ಕೂ ಉತ್ತರಿಸಲು ಎದುರಾಳಿಗೆ ಹೊತ್ತು ಸಾಲುತ್ತಿರಲಿಲ್ಲ. ಜೀವವಿಕಾಸ ಶಾಸ್ತ್ರಜ್ಞ ಸ್ಟೀಫನ್ ಜೇ ಗೂಲ್ಡ್ ಅಂಥ ವೇದಿಕೆಗಳಿಂದ ದೂರ ಉಳಿದರು. 2014ರ ಫೆಬ್ರುವರಿಯಲ್ಲಿ ಬಿಲ್ ನೈ ಒಪ್ಪಿಕೊಂಡು, ಕೆಂಟಕಿಯ ಸೃಷ್ಟಿವಾದಿ ಸಂಗ್ರಹಾಲಯದಲ್ಲೇ ಕೆನ್ ಹ್ಯಾಮ್ ಜೊತೆ ವಾದಿಸಿದರು. ನಿಮ್ಮ ಮನಸ್ಸು ಬದಲಾಗಲು ಏನು ಬೇಕು ಎಂದು ಕೇಳಿದಾಗ, ಸಾಕ್ಷ್ಯ ಎಂದರು ನೈ. ದೇವರ ವಾಕ್ಯ ಸುಳ್ಳೆಂದು ಯಾರೂ ನನ್ನನ್ನು ಒಪ್ಪಿಸಲಾರರು ಎಂಬರ್ಥದಲ್ಲಿ ಹೇಳಿದರು ಹ್ಯಾಮ್. ಅಲ್ಲಿಗೆ ಅದು ವಾದವಾಗಿ ಉಳಿಯಲಿಲ್ಲ. ತಮ್ಮ ನೋವಾನ ನಾವೆಯ ಯೋಜನೆಗೆ ಹಣ ಕೂಡಲು ಆ ಸಂವಾದದ ಪ್ರಚಾರ ನೆರವಾಯಿತೆಂದು ಹ್ಯಾಮ್ ಆಮೇಲೆ ಹೇಳಿಕೊಂಡರು.

ನಮ್ಮಲ್ಲೂ ಅಂಥದೊಂದು ಕರೆ ಬಂದಿತ್ತು. ಮುಂಬಯಿಯ ಪೊಲೀಸ್ ಆಯುಕ್ತರಾಗಿದ್ದು, ಬಳಿಕ ಕೇಂದ್ರದ ಮಾನವ ಸಂಪನ್ಮೂಲ ರಾಜ್ಯ ಸಚಿವರಾದ ಸತ್ಯಪಾಲ್ ಸಿಂಗ್ 2018ರ ಜನವರಿಯಲ್ಲಿ ಔರಂಗಾಬಾದಿನಲ್ಲಿ, ಕಪಿ ಮನುಷ್ಯನಾದದ್ದನ್ನು ಕಂಡವರಿಲ್ಲ, ಡಾರ್ವಿನ್ನನ ಸಿದ್ಧಾಂತ ತಪ್ಪು, ಪಠ್ಯದಲ್ಲಿ ಅದು ಬದಲಾಗಬೇಕು ಎಂದರು. ಈ ಬಗ್ಗೆ ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಸಲು ಸಿದ್ಧ ಎಂದೂ ಹೇಳಿದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಚರ್ಚೆಗೆ ದಿನಾಂಕ ಕೇಳಲಿಲ್ಲ. ಸಚಿವರ ಮಾತಿಗೆ ವೈಜ್ಞಾನಿಕ ಆಧಾರವಿಲ್ಲವೆಂದು ಜಂಟಿ ಹೇಳಿಕೆ ನೀಡಿದವು. ಹಿರಿಯ ಸಚಿವ ಪ್ರಕಾಶ್ ಜಾವಡೇಕರ್, ಅಂಥ ಹೇಳಿಕೆಗಳಿಂದ ದೂರವಿರುವಂತೆ ಸಹೋದ್ಯೋಗಿಗೆ ತಿಳಿಸಿರುವುದಾಗಿ ಹೇಳಿದರು. ಸಂಕಿರಣದ ಮಾತು ಅಲ್ಲಿಗೆ ನಿಂತಿತು.

ಇಷ್ಟರಿಂದ, ವಿಜ್ಞಾನಿಗಳು ವೇದಿಕೆ ಹತ್ತದಿದ್ದರೆ ಸಾಕು ಎಂದು ಮುಗಿಸಬಹುದಿತ್ತು. ಆದರೆ ಇತಿಹಾಸ ಅಷ್ಟು ಸುಲಭವಾಗಿ ಬಿಡುವುದಿಲ್ಲ. 1974ರ ಅಧ್ಯಯನ ಇಂಗ್ಲಿಷಿನಲ್ಲಿ, ಸೀಮಿತ ಓದುಗರ ಪತ್ರಿಕೆಯೊಂದರಲ್ಲಿ ಬಂದಿತ್ತು. ನಾಲ್ಕು ದಶಕಗಳ ಬಳಿಕ ಅದೇ ಗ್ರಂಥ, ಅಂಥ ಪರೀಕ್ಷೆ ನಡೆದೇ ಇಲ್ಲವೆಂಬಂತೆ ಕಲೀನಾಕ್ಕೆ ಬಂದು ಮಾಲೆ ಹಾಕಿಸಿಕೊಂಡಿತು. ಉತ್ತರ ಇದ್ದರಷ್ಟೇ ಸಾಲದು, ಪ್ರಶ್ನೆ ತಲುಪಿದ ಕಡೆಗೆಲ್ಲ ಅದೂ ತಲುಪಬೇಕು. ಮಾತನಾಡಲು ಒಲ್ಲದ ವಿಜ್ಞಾನಿಯನ್ನು ಜನ ಗರ್ವಿಷ್ಠನೆಂದೋ ಅಂಜುಬುರುಕನೆಂದೋ ತಿಳಿದರೆ ತಪ್ಪು ಜನರದು ಮಾತ್ರವಲ್ಲ.

ಇದನ್ನು ಅರಿತಿದ್ದವರು ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೊಳಪಡಬಲ್ಲ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯನ್ನು ರಚಿಸಿ, ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಅವರು ಕರೆದದ್ದು ವಾಗ್ವಾದಕ್ಕಲ್ಲ, ಪರೀಕ್ಷೆಗೆ. ಬಾಬಾ ಒಪ್ಪಲಿಲ್ಲ, ಆದರೆ ಕರೆ ಬಹಿರಂಗವಾಗಿತ್ತು, ನಿರಾಕರಣೆಯೂ ಬಹಿರಂಗವಾಯಿತು. ಅದಕ್ಕಿಂತ ಹೆಚ್ಚಿನದೆಂದು ನನಗನ್ನಿಸುವುದು ಅವರು 1962ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆ. ಅಲ್ಲಿ ವಾರವಾರವೂ ಉಪನ್ಯಾಸ. ಯಾರೂ ಬಂದು ಕೇಳಬಹುದು. ಶಿವರಾಮ ಕಾರಂತರು 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ'ಗಳನ್ನು ಕನ್ನಡಕ್ಕೆ ತಂದದ್ದೂ ಇದೇ ಬಗೆಯ ಕೆಲಸ. ಇಲ್ಲಿ ಸೋಲು ಗೆಲುವುಗಳಿಲ್ಲ, ತಿಳಿವು ಮಾತ್ರ ಇದೆ.

ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವ ನನಗೆ ಒಂದು ಹೋಲಿಕೆ ಸಹಜವಾಗಿ ಹೊಳೆಯುತ್ತದೆ. ಕಡತದಲ್ಲಿ ಬಂದ ಅಹವಾಲು ಎಷ್ಟೇ ವಿಚಿತ್ರವಾಗಿರಲಿ, ಅದನ್ನು ಹರಿದೆಸೆಯುವಂತಿಲ್ಲ. ಅರ್ಜಿದಾರನೊಡನೆ ಕಾರಿಡಾರಿನಲ್ಲಿ ಕೂಗಾಡುವಂತೆಯೂ ಇಲ್ಲ. ಅಂಶ ಅಂಶಕ್ಕೂ ದಾಖಲೆ ನೋಡಿ, ಟಿಪ್ಪಣಿ ಬರೆದು, ಉತ್ತರ ಕಳುಹಿಸಬೇಕು. ವಿಜ್ಞಾನಿಗಳ ಹೊಣೆಯೂ ಅಂಥದೇ. ನಮ್ಮ ಹೊಣೆಯೂ ಇದೆ: 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದೂ ಒಂದು, ಅದು ವಿಜ್ಞಾನಿಗಳಿಗಷ್ಟೇ ಅಲ್ಲ, ಪ್ರತಿ ಪ್ರಜೆಗೂ ಹೇಳಿದ್ದು.

ಪಣಕ್ಕಿರುವುದು ಮಕ್ಕಳ ಕಲಿಕೆ. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ವಿಕಾಸ' ಎಂದಿದ್ದ ಪಾಠ ಈಗ ಬರಿಯ 'ಅನುವಂಶೀಯತೆ'. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಅದನ್ನು ಪ್ರತಿಭಟಿಸಿ ಪತ್ರ ಬರೆದರು. ಮುಂದೆ ವಾಣಿಜ್ಯವನ್ನೋ ಕಲೆಯನ್ನೋ ಆಯ್ದುಕೊಳ್ಳುವ ಮಗುವಿಗೆ ಜೀವವಿಕಾಸವನ್ನು ಶಾಲೆಯಲ್ಲಿ ವಿವರವಾಗಿ ಕಲಿಯುವ ಅವಕಾಶ ಅಲ್ಲಿಗೇ ಮುಗಿಯಿತು. ಆ ಮಗುವಿಗೆ ಬೇಕಾದದ್ದು ಇಬ್ಬರು ವಿದ್ವಾಂಸರ ಜಟಾಪಟಿಯಲ್ಲ. ಅದು ಕೇಳುವ ಪ್ರಶ್ನೆಗೆ ಅದರ ಭಾಷೆಯಲ್ಲೇ ಕುಳಿತು ಉತ್ತರ ಹೇಳುವವರು ಬೇಕು, ಓದಲು ಪುಸ್ತಕ ಬೇಕು. ಹೊರನಾಡಿನ ಕನ್ನಡ ಸಂಘಗಳಿಗೆ ಸಭಾಂಗಣಗಳಿವೆ, ವಾರ್ಷಿಕೋತ್ಸವಗಳಿವೆ. ವರ್ಷಕ್ಕೆ ಒಂದೆರಡು ಸಂಜೆಗಳನ್ನು ಇದಕ್ಕೂ ಮೀಸಲಿಡುವುದು ಅಸಾಧ್ಯವೇನಲ್ಲ.